ನೆರೆಯವನೆಂಬ ಬೇಸಾಯಗಾರ

ಜರ್ಮನ್ನರ 'ವೇರ್‌ಬೌವರ್' ಎಂದರೆ ಗಡಿನಾಡಿನಲ್ಲಿ ನೆಲೆನಿಂತು ಹೊಲವನ್ನೂ ಉತ್ತು, ಶತ್ರು ಬಂದಾಗ ಆಯುಧವನ್ನೂ ಹಿಡಿಯುವ ರೈತ. 'ವೇರ್' ಎಂದರೆ ಕಾವಲು, 'ಬೌವರ್' ಎಂದರೆ ಬೇಸಾಯಗಾರ.

ಸೊಗಸಿರುವುದು ಎರಡನೆಯ ತುಂಡಿನಲ್ಲಿ. ಹಳೆಯ ಜರ್ಮನ್ನಿನಲ್ಲಿ ಅದು 'ಗಿಬೂರೊ'. 'ಬೂರ್' ಎಂದರೆ ಮನೆ, 'ಗಿ' ಎಂದರೆ ಜೊತೆ. ಜೊತೆಯಲ್ಲಿ ಬಾಳುವವನೇ ಗಿಬೂರೊ. ಉಳುವ ಮಾತೇ ಅದರಲ್ಲಿಲ್ಲ! ಹತ್ತಿರ ಎಂಬರ್ಥದ ಪದ ಮುಂದೆ ಕೂತು 'ನಾಖ್‌ಬಾರ್', ಅಂದರೆ ನೆರೆಯವ, ಆಯಿತು. ಇಂಗ್ಲಿಷಿನ 'ನೇಬರ್' ಅದರ ಒಡಹುಟ್ಟು. ದಕ್ಷಿಣ ಆಫ್ರಿಕದ ಬೋಯರ್‌ಗಳ ಹೆಸರೂ ಇದೇ ಮನೆತನದ್ದು. ಜರ್ಮನ್ನಿನಲ್ಲಿ ಹಕ್ಕಿಯ ಪಂಜರ ಇಂದಿಗೂ 'ಫೋಗೆಲ್‌ಬೌವರ್', ಅಂದರೆ ಹಕ್ಕಿಯ 'ಬೂರ್'. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ 'ಭೂ' ಧಾತುವಿನ ನೆಂಟಸ್ತನ ಸಿಗುತ್ತದೆ. ಕನ್ನಡಿಗರು ದಿನವೂ ಆಡುವ ಭೂಮಿ, ಭವನಗಳು ಅಲ್ಲಿಂದಲೇ ಬಂದವು. 'ವೇರ್' ಕೂಡ ಪರಕೀಯವಲ್ಲ. ಆವರಣ, ನಿವಾರಣೆಗಳ 'ವೃ' ಧಾತುವಿಗೆ ಅದು ದೂರದ ಬಳಗ.

ಇಂಥ ಕಾವಲು ರೈತರ ದೊಡ್ಡ ನಿದರ್ಶನ ಹಾಬ್ಸ್‌ಬರ್ಗ್ ದೊರೆಗಳ ಸೈನಿಕ ಗಡಿ. 16ನೇ ಶತಮಾನದಿಂದ ಒಟ್ಟೊಮನ್ ತುರ್ಕರಿಗೆ ಎದುರಾಗಿ ಕ್ರೋಟರನ್ನೂ ಸರ್ಬರನ್ನೂ ಅಲ್ಲಿ ನೆಲೆಗೊಳಿಸಲಾಯಿತು. ನಮ್ಮ ಉಂಬಳಿಯಂತೆ ಸೇವೆಗೆ ಪ್ರತಿಯಾಗಿ ನೆಲ. ಒಡೆಯರ ಬಿಟ್ಟಿ ಚಾಕರಿಯಿಲ್ಲ. 1881ರಲ್ಲಿ ಅದರ ಕೊನೆಯ ಭಾಗವೂ ಕ್ರೊಯೇಷಿಯ-ಸ್ಲವೋನಿಯಕ್ಕೆ ಸೇರಿತು.

ಪದ ಕೆಟ್ಟದ್ದು ನಾಜಿಗಳ ಕೈಯಲ್ಲಿ. 1933ರ ವಂಶಪಾರಂಪರ್ಯ ಜಮೀನು ಕಾಯ್ದೆ 'ಬೌವರ್' ಎಂದು ಕರೆಸಿಕೊಳ್ಳುವ ಹಕ್ಕಿಗೇ ಷರತ್ತು ಹಾಕಿತು: 1800ರವರೆಗಿನ ಪೂರ್ವಜರಲ್ಲಿ ಯಹೂದಿ ರಕ್ತವಿಲ್ಲವೆಂದು ತೋರಿಸಬೇಕು, ಅಂಥ ಜಮೀನಿನ ಒಡೆಯನೂ ಆಗಿರಬೇಕು. ಉಳಿದವರು ಎಷ್ಟೇ ಉತ್ತರೂ ಬರೀ 'ಲಾಂಡ್‌ವಿರ್ಟ್', ಅಂದರೆ ಕೃಷಿ ನಡೆಸುವವರು. ಕೃಷಿಯನ್ನೇ ಓದಿದ್ದ, ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹೈನ್‌ರಿಖ್ ಹಿಮ್ಲರ್ ಪೂರ್ವ ಯುರೋಪಿನ ತುಂಬ ವೇರ್‌ಬೌವರ್‌ಗಳನ್ನು ನೆಡುವ ಕನಸು ಕಂಡ. ಅದಕ್ಕೆ ಅವನು ಆರಿಸಿದ ಪ್ರದೇಶಗಳಲ್ಲೊಂದು ಪೋಲೆಂಡಿನ ಜಾಮೋಶ್ಚ್ ಸೀಮೆ. 1942ರ ನವೆಂಬರಿನಿಂದ ಮುಂದಿನ ವರ್ಷದ ಬೇಸಿಗೆಯವರೆಗೆ ಸುಮಾರು 1,10,000 ಪೋಲಿಷರನ್ನು ಅಲ್ಲಿನ ಹಳ್ಳಿಗಳಿಂದ ಹೊರಗಟ್ಟಿದರು. ಅವರಲ್ಲಿ ಸುಮಾರು 30,000 ಮಕ್ಕಳು. ಆ ಮನೆಗಳಿಗೆ ಜರ್ಮನ್ ವಲಸಿಗರನ್ನು ತಂದು ಕೂರಿಸಿದರು. ಜೊತೆಯಲ್ಲಿ ಬಾಳುವವನೆಂಬ ಮಾತಿಗೆ ಇದಕ್ಕಿಂತ ಘೋರ ಅಪಚಾರ ಇನ್ನೇನಿದ್ದೀತು?

ಪೂರ್ವ ಯುರೋಪಿನ ಈ ವಲಸೆ ಯೋಜನೆಯ ನಕ್ಷೆ ಬರೆದವನು ಕೊನ್ರಾಡ್ ಮೇಯರ್ ಎಂಬ ಕೃಷಿ ಪ್ರಾಧ್ಯಾಪಕ. 1948ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಅವನನ್ನು ಎಸ್‌ಎಸ್ ಸದಸ್ಯತ್ವದ ಆರೋಪವೊಂದರಲ್ಲಿ ಮಾತ್ರ ತಪ್ಪಿತಸ್ಥನೆಂದಿತು. 1956ರಲ್ಲಿ ಅವನು ಹನೋವರ್‌ನಲ್ಲಿ ಮತ್ತೆ ಪ್ರಾಧ್ಯಾಪಕನಾದ. ಕಲಿಸಿದ್ದು ಪ್ರಾದೇಶಿಕ ಯೋಜನೆಯನ್ನೇ.