ಮೂಳೆಯೆಂಬುದು ಕಲ್ಲಲ್ಲ

ಬಳ್ಳಾರಿ ಸೀಮೆಯವರಾದ ನಾವು ಕಲ್ಲನ್ನು ನಂಬಿ ಬೆಳೆದವರು. ಊರ ನಡುವೆ ಕೋಟೆ ಹೊತ್ತ ಬಂಡೆಗುಡ್ಡ. ಕುರುಗೋಡಿಗೆ ಹೋದರೆ ಏಕಶಿಲೆಯ ದೊಡ್ಡಬಸವೇಶ್ವರ. ಮೈಯೊಳಗಿನ ಮೂಳೆಯೂ ಅಂಥದೇ, ಒಮ್ಮೆ ಬಲಿತರೆ ಬದಲಾಗದು ಎಂದು ನಾವು ಬಗೆಯುತ್ತೇವೆ.

ವಾಸ್ತವದಲ್ಲಿ ಮೂಳೆಗೆ ಹೋಲಿಕೆ ದೊರೆಯುವುದು ಗುಡ್ಡದಲ್ಲಲ್ಲ. ಸಿರುಗುಪ್ಪದ ಭತ್ತದ ಗದ್ದೆಯ ಬದುವಿನಲ್ಲಿ. ರೈತನು ಬದುವಿನ ಸಡಿಲ ಮಣ್ಣನ್ನು ಕೆತ್ತಿ ತೆಗೆದು ಹೊಸ ಮಣ್ಣನ್ನು ಮೆತ್ತುತ್ತಾನೆ. ಮೂಳೆಯಲ್ಲಿಯೂ ಕೆಲವು ಜೀವಕೋಶಗಳು ಹಳೆಯದನ್ನು ಕರಗಿಸುತ್ತವೆ. ಬೇರೆ ಕೆಲವು ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೀಗೆ ನವೀಕರಣಗೊಳ್ಳುತ್ತದೆ. ಅಗೆತ ಕೆಲವು ವಾರಗಳ ಕೆಲಸ. ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಒಂದು ಸುತ್ತಿಗೆ ಸುಮಾರು 200 ದಿನ.

ಈ ಕೆಲಸದ ವೇಗವನ್ನು ನಿಯಂತ್ರಿಸುವವುಗಳಲ್ಲಿ ಕೊರಳಿನ ಥೈರಾಯ್ಡ್ ಗ್ರಂಥಿಯೂ ಒಂದು. ಅದರ ಹಾರ್ಮೋನು ಮಿತಿಮೀರಿದರೆ ಸುತ್ತಿನ ಅವಧಿ ಸುಮಾರು ಅರ್ಧಕ್ಕಿಳಿಯುತ್ತದೆ. ಅಗೆತ ಮುಂದೋಡುತ್ತದೆ, ಕಟ್ಟಡ ಹಿಂದುಳಿಯುತ್ತದೆ; ಪ್ರತಿ ಸುತ್ತಿನಲ್ಲಿಯೂ ಹೊಂಡ ಅರೆಬರೆ ತುಂಬಿ ಮೂಳೆ ಟೊಳ್ಳಾಗುತ್ತದೆ. 1891ರಲ್ಲಿ ಜರ್ಮನ್ ವಿಜ್ಞಾನಿ ಫಾನ್ ರೆಕ್ಲಿಂಗ್‌ಹೌಸೆನ್, ಈ ರೋಗದಿಂದ ಮಡಿದ ತರುಣಿಯೊಬ್ಬಳ ಮೂಳೆಗಳು ಹುಳು ತಿಂದಂತಿದ್ದುದನ್ನು ವರ್ಣಿಸಿದ್ದನು. ಹಾರ್ಮೋನು ಕುಗ್ಗಿದರೂ ಕ್ಷೇಮವಿಲ್ಲ. ಆಗ ನವೀಕರಣವೇ ಮಂದವಾಗುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ.

ಸಿರುಗುಪ್ಪದಲ್ಲಿದ್ದ ನನ್ನ ಸೋದರತ್ತೆಯವರು ಹೊಟ್ಟೆ ತುಂಬ ಉಂಡರೂ ಸೊರಗುತ್ತಿದ್ದರು. ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ‘ಮುಪ್ಪು, ಇನ್ನೇನು!’ ಎಂದರು ನೆರೆಹೊರೆಯವರು. ಒಂದು ದಿನ ಹೊಸ್ತಿಲೆಡವಿ ಕೈಯೂರಿದರು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಬಳ್ಳಾರಿಯ ವೈದ್ಯರು ಕಟ್ಟು ಹಾಕಿ ಅಷ್ಟಕ್ಕೇ ಬಿಡಲಿಲ್ಲ. ನಡುಗುವ ಬೆರಳುಗಳನ್ನು ದಿಟ್ಟಿಸಿ, ‘ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯಬಾರದಮ್ಮ’ ಎಂದು ರಕ್ತಪರೀಕ್ಷೆ ಮಾಡಿಸಿದರು. ಕಳ್ಳನು ಕೊರಳಿನಲ್ಲಿಯೇ ಇದ್ದನು! ಔಷಧದಿಂದ ನಡುಕ ಕೆಲವೇ ತಿಂಗಳಲ್ಲಿ ಇಳಿಯಿತು. ಮೂಳೆಯ ಗಳಿಕೆ ಮಾತ್ರ ನಿಧಾನ. ಕಳೆದುದು ಬಹುಮಟ್ಟಿಗೆ ಮರಳಬಹುದು, ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಇನ್ನೊಂದು ಮಾತು. ಗ್ರಂಥಿಯ ಕೊರತೆಗೆಂದು ಗುಳಿಗೆ ನುಂಗುವವರು ನಮ್ಮಲ್ಲಿ ಅನೇಕರು. ಆ ಗುಳಿಗೆಯ ಪ್ರಮಾಣ ಅಗತ್ಯವನ್ನು ಮೀರಿದರೆ ಅದೂ ಮೂಳೆಯನ್ನು ಸವೆಸಬಲ್ಲದು; ಮುಟ್ಟು ನಿಂತ ಸ್ತ್ರೀಯರಲ್ಲಿ ಈ ಅಪಾಯ ಹೆಚ್ಚು. ಹಾಗೆಂದು ಹೆದರಿ ಗುಳಿಗೆಯನ್ನು ತಾವಾಗಿ ಬಿಡಬಾರದು. ವೈದ್ಯರು ಹೇಳಿದ ಕಾಲಕ್ಕೆ ರಕ್ತ ಪರೀಕ್ಷಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ಮನೆಯಲ್ಲಿ ಹಿರಿಯರು ಕಾರಣವಿಲ್ಲದೆ ಸೊರಗುತ್ತಿದ್ದರೆ, ಅವರ ಕೈ ನಡುಗುತ್ತಿದ್ದರೆ, ಎಲ್ಲವನ್ನೂ ಮುಪ್ಪಿನ ಲೆಕ್ಕಕ್ಕೆ ಬರೆಯದಿರೋಣ. ಬಿರುಕು ಚಿಕ್ಕದಿರುವಾಗ ಒಂದು ಹಿಡಿ ಮಣ್ಣು ಸಾಕು; ಬದು ಒಡೆದ ಮೇಲೆ ಬಂಡಿಗಟ್ಟಲೆ ಬೇಕಾಗುತ್ತದೆ.