ಸೂತಕವಲ್ಲ, ಸೂಚನೆ

ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಓದಿ, ಮುಂದೆ ನಾಲ್ಕು ದಶಕಗಳ ಕಾಲ ಶರಣ ಸಾಹಿತ್ಯವನ್ನು ಬೋಧಿಸುತ್ತ ಬಂದವನು ನಾನು. ಜಾತಿ, ಜನನ, ಮರಣ, ಎಂಜಲು, ಮುಟ್ಟು ಈ ಐದೂ ಸೂತಕಗಳನ್ನು ನಮ್ಮ ಶರಣರು ನಿರಾಕರಿಸಿದರೆಂದು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತು ನನ್ನ ಒಡಹುಟ್ಟಿದ ಅಕ್ಕನ ಮನೆಯ ಹೊಸ್ತಿಲನ್ನೇ ದಾಟಿರಲಿಲ್ಲವೆಂಬುದು ತಿಳಿದದ್ದು ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ.

ಅಕ್ಕನದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅರವತ್ತೆಂಟರ ಪ್ರಾಯ. ಸೋಮವಾರದ ಪೂಜೆಯ ಹೊತ್ತಿಗೆ ಆಕೆ ಒಳಗೆ ಬಾರದೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕೇಳಿದರೆ ಮಂಡಿನೋವೆಂದಳು. ಊಟಕ್ಕೂ ಬೇರೆ ಕುಳಿತದ್ದನ್ನು ಕಂಡು ನನಗೆ ಸೋಜಿಗವಾಯಿತು. ಹಿರಿಯೂರಿನಲ್ಲಿ ಶಿಕ್ಷಕಿಯಾಗಿರುವ ಅವಳ ಮಗಳು ಸಂಜೆ ನನ್ನನ್ನು ತೋಟದತ್ತ ಕರೆದೊಯ್ದು, ತಗ್ಗಿದ ದನಿಯಲ್ಲಿ ನಿಜ ಹೇಳಿದಳು. ಮುಟ್ಟು ನಿಂತು ಹದಿನೆಂಟು ವರ್ಷಗಳಾದ ಮೇಲೆ ಅಕ್ಕನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ನಾಲ್ಕು ತಿಂಗಳಿನಿಂದ ಆಕೆ ಅದನ್ನು ಬಚ್ಚಿಟ್ಟಿದ್ದಳು. “ಈ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳಲಿ?” ಎಂಬುದೊಂದೇ ಅವಳ ಮಾತು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಿರಿಯೂರಿನ ನನ್ನ ಸಹಪಾಠಿಯೊಬ್ಬರ ಮಡದಿ ಇಂತಹುದೇ ಲಕ್ಷಣವನ್ನು ವರ್ಷಕ್ಕೂ ಮೀರಿ ಮರೆಮಾಚಿ, ಕೊನೆಗೆ ಆಸ್ಪತ್ರೆಗೆ ಹೋದಾಗ ಅದು ಗರ್ಭಕೋಶದ ಕ್ಯಾನ್ಸರ್ ಆಗಿತ್ತು; ಅವರು ಉಳಿಯಲಿಲ್ಲ. ಮರುದಿನವೇ ಅಕ್ಕನನ್ನು ಚಿತ್ರದುರ್ಗಕ್ಕೆ ಕರೆತಂದೆವು. ಬಸ್ಸಿನಲ್ಲಿ ಆಕೆ ನನ್ನ ಮುಖ ನೋಡಲಿಲ್ಲ.

ವೈದ್ಯೆ ಮೊದಲು ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಪದರ ದಪ್ಪವಾಗಿದೆ, ಅದರಲ್ಲೊಂದು ಪಾಲಿಪ್ ಇರುವಂತಿದೆ ಎಂದರು. ಪಾಲಿಪ್ ಎಂದರೆ ಒಳಪದರವೇ ಒಂದೆಡೆ ಹೆಚ್ಚಾಗಿ ಬೆಳೆದು ತೊಟ್ಟಿನಂತೆ ಜೋತುಬೀಳುವ ಮೃದುವಾದ ಗಂಟು. ಕೆಲವು ಎಳ್ಳಿನಷ್ಟು, ಕೆಲವು ಕೆಲವೇ ಸೆಂಟಿಮೀಟರ್ ಉದ್ದ. ಬಹುಪಾಲು ನಿರುಪದ್ರವಿ, ತೀರ ಚಿಕ್ಕವು ತಾವಾಗಿಯೇ ಕರಗುವುದೂ ಉಂಟು. ಆದರೆ ಮುಟ್ಟು ನಿಂತ ಬಳಿಕ ರಕ್ತ ಕಂಡರೆ ಅದರಲ್ಲಿ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ತೆಗೆದು ಪರೀಕ್ಷಿಸಲೇಬೇಕು. ಸ್ಥೂಲಕಾಯ, ರಕ್ತದೊತ್ತಡ ಇದ್ದವರಿಗೆ, ಸ್ತನದ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ಮಾತ್ರೆ ಸೇವಿಸುವವರಿಗೆ ಇದು ಹೆಚ್ಚೆಂದು ತಿಳಿಸಿದರು.

ಹಿಂದೆ ಕಣ್ಣಿಗೆ ಕಾಣದಂತೆಯೇ ಒಳಪದರವನ್ನು ಕೆರೆದು ತೆಗೆಯುತ್ತಿದ್ದರಂತೆ. ಪಾಲಿಪ್ ಕೆಲವೊಮ್ಮೆ ಅಲ್ಲೇ ಉಳಿದುಬಿಡುತ್ತಿತ್ತು. ಈಗಿನದು ಹಿಸ್ಟರೋಸ್ಕೋಪಿ. ಕೆಲವೇ ಮಿಲಿಮೀಟರ್ ದಪ್ಪದ, ತುದಿಯಲ್ಲಿ ಬೆಳಕು ಹೊತ್ತ ಕೊಳವೆಯನ್ನು ಸಹಜಮಾರ್ಗದಿಂದಲೇ ಗರ್ಭಕೋಶದೊಳಗೆ ಕಳಿಸುತ್ತಾರೆ. ಉಪ್ಪುನೀರಿನಿಂದ ಒಳಗನ್ನು ಕೊಂಚ ಅರಳಿಸಿ, ಪರದೆಯ ಮೇಲೆ ನೋಡುತ್ತಲೇ ಪಾಲಿಪ್ಪನ್ನು ಬುಡಸಹಿತ ಕತ್ತರಿಸುತ್ತಾರೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಸೋಂಕು, ಗರ್ಭಕೋಶಕ್ಕೆ ಚುಚ್ಚಿದ ಗಾಯ ಮುಂತಾದ ತೊಂದರೆಗಳು ವಿರಳ. ಆದರೆ ಇಲ್ಲವೇ ಇಲ್ಲವೆಂದಲ್ಲ. ಪಾಲಿಪ್ ಮತ್ತೆ ಬೆಳೆಯಲೂಬಹುದು.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲವೆಂದು ಆಮೇಲೆ ಓದಿ ತಿಳಿದೆ. 1869ರಲ್ಲಿ ಇಟಲಿಯ ವೈದ್ಯ ಪಾಂಟಲಿಯೋನಿ ಹೀಗೆಯೇ ಕೊಳವೆಯ ಮೂಲಕ ನೋಡಿ, ರಕ್ತಸ್ರಾವದಿಂದ ನರಳುತ್ತಿದ್ದ 60 ವರ್ಷದ ಹೆಣ್ಣುಮಗಳ ಗರ್ಭಕೋಶದಲ್ಲಿ ಗಂಟನ್ನು ಕಂಡು, ಬೆಳ್ಳಿಯ ಲವಣದಿಂದ ಸುಟ್ಟನಂತೆ. ಆಕೆಯ ಪ್ರಾಯವೂ ಸಂಕಟವೂ ನನ್ನ ಅಕ್ಕನಂತಹುದೇ. ಆಕೆಯೂ ಎಷ್ಟು ದಿನ ಮುಚ್ಚಿಟ್ಟುಕೊಂಡಿದ್ದಳೋ ಎಂದು ಮನಸ್ಸು ಮರುಗಿತು.

ಅಕ್ಕನ ಚಿಕಿತ್ಸೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸಂಜೆಗೆ ಮನೆಗೆ ಕಳಿಸಿದರು. ತೆಗೆದ ತುಣುಕು ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವವರೆಗಿನ ಆ ಒಂದು ವಾರ ಮಾತ್ರ ನಮಗೆ ಯುಗವಾಯಿತು. ವರದಿಯಲ್ಲಿ ಕ್ಯಾನ್ಸರ್ ಇಲ್ಲವೆಂದಿತ್ತು. ಅಕ್ಕ ಆ ಕಾಗದವನ್ನು ಓದಲಾರಳು. ಆದರೂ ಬಹಳ ಹೊತ್ತು ಕೈಯಲ್ಲಿ ಹಿಡಿದೇ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ತಾಯಿ ಹೊಳಲ್ಕೆರೆ ಕಡೆಯವರು, ನಲವತ್ತು ತುಂಬಿಲ್ಲ. ಹತ್ತು ಹತ್ತು ದಿನ ಸ್ರಾವವಾಗಿ ಬಿಳಿಚಿಕೊಂಡಿದ್ದರು. ಯಾರೋ ಅವರಿಗೆ “ಗರ್ಭಕೋಶವನ್ನೇ ತೆಗೆಸಿಬಿಡು” ಎಂದಿದ್ದರಂತೆ. ಪಾಲಿಪ್ಪೊಂದೇ ಕಾರಣವೆಂದು ಇಲ್ಲಿ ಗೊತ್ತಾಯಿತು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದರೆಂಬ ದೂರು 2015ರಲ್ಲಿ ನಾಡನ್ನು ಬೆಚ್ಚಿಬೀಳಿಸಿತ್ತು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಗರ್ಭಕೋಶ ತೆಗೆಯುವುದು ಅನಿವಾರ್ಯವಾಗುವ ಸಂದರ್ಭಗಳು ಇದ್ದೇ ಇವೆ. ಆದರೆ ಒಳಗೆ ಏನಿದೆಯೆಂದು ನೋಡುವ ಮೊದಲೇ ತೆಗೆಸಲು ಒಪ್ಪಬಾರದು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಆದುದರಿಂದ ತಾಯಂದಿರೇ, ಸೋದರಿಯರೇ, ಎಂಟು ದಿನಕ್ಕೂ ಮೀರಿದ ಸ್ರಾವ, ಎರಡು ಮುಟ್ಟಿನ ನಡುವೆ ಕಾಣುವ ರಕ್ತ ಇವನ್ನು ಸಹಿಸಿಕೊಂಡು ಕೂರಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮನೆಯ ಗಂಡಸರಲ್ಲೂ ನನ್ನದೊಂದು ಬಿನ್ನಹ: ಅವರು ತಾವಾಗಿ ಹೇಳಲಿ ಎಂದು ಕಾಯಬೇಡಿ. ನಾನು ಕಾಯದಿದ್ದರೂ ಕೇಳಿರಲಿಲ್ಲ. ಕೇಳಬೇಕೆಂದೇ ನನಗೆ ತೋಚಿರಲಿಲ್ಲ. ಸೂತಕವಿಲ್ಲವೆಂದು ಊರಿಗೆಲ್ಲ ಹೇಳಿದವನು ಮನೆಯಲ್ಲಿ ಹೇಳದೇ ಹೋದೆ.

ಕಳೆದ ಶ್ರಾವಣದಲ್ಲಿ ಮತ್ತೆ ಹೊಸದುರ್ಗಕ್ಕೆ ಹೋಗಿದ್ದೆ. ಅಕ್ಕ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಎಲ್ಲರ ನಡುವೆ ಪೂಜೆಗೆ ಕುಳಿತಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಆ ದಿನ ಪ್ರವಚನ ಮಾಡಬೇಕೆನಿಸಲಿಲ್ಲ.