ಫೌಜಿಗೆ ಬಾಯಿಲ್ಲವೇ?

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ನಸುಕಿನ ಐದು ಗಂಟೆಗೆ ರಸ್ತೆಗೆ ಬಂದು ನೋಡಿ, ಓಡುವ ಹುಡುಗರು ಸಿಗುತ್ತಾರೆ. ಮಳೆಯನ್ನೇ ನಂಬಿದ ಹೊಲ, ಹತ್ತಿರದಲ್ಲಿ ಬೇರೆ ನೌಕರಿ ಇಲ್ಲ. ಹಾಗಾಗಿ ಹತ್ತನೇ ಇಯತ್ತೆ ಮುಗಿಯುವ ಮೊದಲೇ ಭರತಿಯ ಮಾತು ಶುರುವಾಗುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದರಿಂದ ಸೈನ್ಯವೆಂಬುದು ನಮಗೆ ದೂರದ ಸುದ್ದಿಯಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಪೇಟೆಯಲ್ಲಿ ಮರಾಠಿ ಮಾತಾಡಿ, ಮುಂದೆ ಹಿಂದಿಯಲ್ಲಿ ಹುಕುಂ ಕೇಳುವ ಹುಡುಗರು ಇವರು.

ಅಂಥ ಒಬ್ಬ ಹಳೆಯ ವಿದ್ಯಾರ್ಥಿ ಸುಟಿಗೆ ಬಂದಿದ್ದ. ಒಂಬತ್ತನೇ ತರಗತಿಗೆ ಕರೆದುಕೊಂಡು ಹೋದೆ. ಮಕ್ಕಳು ಬಂದೂಕಿನ ತೂಕ ಎಷ್ಟು, ಹಿಮದಲ್ಲಿ ಸ್ನಾನ ಹೇಗೆ ಎಂದೆಲ್ಲ ಕೇಳಿದರು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಣ್ಣಾರ, ನಿಮಗ ಮಂತ್ರಿ ಮ್ಯಾಲ ಸಿಟ್ಟ ಬಂದ್ರ ಫೇಸ್‌ಬುಕ್‌ನ್ಯಾಗ ಬರೀತೀರೇನ್ರಿ?" ಅಂದಳು. ಅವನು ನಕ್ಕು, "ಇಲ್ಲ ತಂಗಿ, ನಮಗ ಹಂಗ ಬರಿಯಾಕ ಬರಂಗಿಲ್ಲ" ಅಂದ. ಆಕೆ ನನ್ನ ಕಡೆ ತಿರುಗಿದಳು. "ಸರ್, ಎಲ್ಲಾರಿಗೂ ವಾಕ್ ಸ್ವಾತಂತ್ರ್ಯ ಐತಿ ಅಂತ ನೀವ ಕಲಿಸೀರಲ್ರಿ?"

ತರಗತಿಯಲ್ಲಿ ಹತ್ತು ನಿಮಿಷ ಉತ್ತರ ಕೊಟ್ಟೆ. ಗಂಟೆ ಬಾರಿಸಿತು. ಆದರೆ ಇದು ಹತ್ತು ನಿಮಿಷಕ್ಕೆ ಮುಗಿಯುವ ವಿಷಯವಲ್ಲ. ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ತಂದೆ ತಾಯಿಗಳೂ ಇದನ್ನು ಓದುತ್ತಾರೆಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಆಕೆ ಹೇಳಿದ್ದು 19ನೇ ವಿಧಿ. ನಾವು ಮಾಸ್ತರರು ಅದನ್ನು ಚೆನ್ನಾಗಿ ಕಲಿಸುತ್ತೇವೆ, ಪರೀಕ್ಷೆಗೆ ಬರುತ್ತದೆ ನೋಡಿ! 33ನೇ ವಿಧಿಯ ತನಕ ಹೋಗುವವರು ಕಡಿಮೆ. ಸೈನ್ಯ, ಪೊಲೀಸು ಮುಂತಾದ ಪಡೆಗಳಲ್ಲಿ ಇರುವವರಿಗೆ ಮೂಲಭೂತ ಹಕ್ಕುಗಳು ಎಷ್ಟರ ಮಟ್ಟಿಗೆ ಇರಬೇಕು ಎಂದು ಸಂಸತ್ತು ಕಾನೂನು ಮಾಡಿ ಗೊತ್ತುಪಡಿಸಬಹುದು ಎನ್ನುತ್ತದೆ ಅದು. ಅವರ ಕೆಲಸ ಸರಿಯಾಗಿ ಸಾಗಲಿ, ಶಿಸ್ತು ಉಳಿಯಲಿ ಎಂಬುದು ಕಾರಣ. ಇದರ ಆಧಾರದ ಮೇಲೆ 1950ರ ಸೈನ್ಯ ಕಾಯ್ದೆಯ 21ನೇ ಕಲಮು ಬಂತು, ಅದರ ಕೆಳಗೆ 1954ರ ಸೈನ್ಯ ನಿಯಮಗಳು ಬಂದವು. 20ನೇ ನಿಯಮದಂತೆ ಫೌಜಿ ರಾಜಕೀಯ ಸಭೆಗೆ ಹೋಗುವಂತಿಲ್ಲ, ಪಕ್ಷ ಸೇರುವಂತಿಲ್ಲ, ವಂತಿಗೆ ಕೊಡುವಂತಿಲ್ಲ. 21ನೇ ನಿಯಮದಂತೆ ರಾಜಕೀಯ ಪ್ರಶ್ನೆಯ ಬಗ್ಗೆಯಾಗಲಿ, ಸೇವೆಗೆ ಸಂಬಂಧಿಸಿದ ವಿಷಯದ ಬಗ್ಗೆಯಾಗಲಿ ಸರಕಾರದ ಪೂರ್ವಾನುಮತಿ ಇಲ್ಲದೆ ಯಾವ ರೂಪದಲ್ಲೂ ಪ್ರಕಟಿಸುವಂತಿಲ್ಲ. 1954ರಲ್ಲಿ ಫೇಸ್‌ಬುಕ್ ಎಲ್ಲಿತ್ತು ಎಂದು ಕೇಳಬೇಡಿ. 'ಯಾವ ರೂಪದಲ್ಲೂ' ಎಂಬ ಮಾತಿನೊಳಗೆ ಫೇಸ್‌ಬುಕ್ಕೂ ಬಂತು, ಯೂಟ್ಯೂಬೂ ಬಂತು. ಈ ನಿಯಮದಲ್ಲಿ ರಾಜಕೀಯ ಪ್ರಶ್ನೆ ಮತ್ತು ಸೇವೆಯ ವಿಷಯ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿಯೇ.

ಮೊದಲು ರಾಜಕೀಯದ ಮಾತು ಆಡೋಣ. ಫೌಜಿ ಪ್ರಧಾನಿಯನ್ನೋ ಮುಖ್ಯಮಂತ್ರಿಯನ್ನೋ ಬಹಿರಂಗವಾಗಿ ಬೈಯಬಾರದು ಎಂಬ ಕಟ್ಟಳೆ ನನಗೆ ಸರಿಯಾಗಿಯೇ ಕಾಣುತ್ತದೆ. ನೆರೆಯ ಪಾಕಿಸ್ತಾನದಲ್ಲಿ 1958ರಲ್ಲಿ ಅಯೂಬ್ ಖಾನ್, 1977ರಲ್ಲಿ ಜಿಯಾ ಉಲ್ ಹಕ್, 1999ರಲ್ಲಿ ಮುಷರಫ್ ಅಧಿಕಾರ ಹಿಡಿದರು. ಮೂವರೂ ಸೇನಾಪತಿಗಳು. ನಾಯಕರ ಮೇಲೆ ಸಿಟ್ಟು ಬಂದರೆ ನನ್ನ ಕೈಯಲ್ಲಿ ಸೀಮೆಸುಣ್ಣ ಇದೆ, ನಿಮ್ಮ ಕೈಯಲ್ಲಿ ಕುಡುಗೋಲು ಇರಬಹುದು. ಅವರ ಕೈಯಲ್ಲಿ ತೋಪು ಇರುತ್ತದೆ. ಅವರ ಟೀಕೆಯೂ ನಮ್ಮ ಟೀಕೆಯೂ ಒಂದೇ ತೂಕದ್ದಲ್ಲ. ಜೊತೆಗೆ ಒಂದೇ ಬಂಕರಿನಲ್ಲಿ ಮಲಗುವ ನಾಲ್ವರು ನಾಲ್ಕು ಪಕ್ಷದ ಅಭಿಮಾನಿಗಳಾಗಿ ಮೊಬೈಲಿನಲ್ಲಿ ಜಗಳಕ್ಕಿಳಿದರೆ ಗತಿ ಏನು? ನಮ್ಮೂರ ಗ್ರಾಮ ಪಂಚಾಯತಿ ಚುನಾವಣೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಅವರಿಗೆ ಅಭಿಪ್ರಾಯವೇ ಇರಬಾರದು ಎಂದಲ್ಲ. ಮತ ಹಾಕುತ್ತಾರೆ. ಮತಪತ್ರ ಈಗ ಕಂಪ್ಯೂಟರ್ ಮೂಲಕ ಅವರ ಠಾಣ್ಯಕ್ಕೆ ಹೋಗುತ್ತದೆ, ಅಲ್ಲಿ ಮುದ್ರಿಸಿ ಗುರುತು ಹಾಕಿ ಅಂಚೆಯಲ್ಲಿ ತಿರುಗಿ ಕಳಿಸುತ್ತಾರೆ. ದೊಡ್ಡ ಹುದ್ದೆಯವರಿಗೆ ಇನ್ನೊಂದು ದಾರಿಯೂ ಇದೆ. ಕೊಡಗಿನ ಜನರಲ್ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಂದಿಗೆ ಹೊಂದಿಕೆಯಾಗದೆ ನೆಹರೂ ಅವರಿಗೆ ರಾಜೀನಾಮೆ ಬರೆದು ಕೊಟ್ಟರು. ನೆಹರೂ ಒಪ್ಪಿಸಿದ ಮೇಲೆ ವಾಪಸು ಪಡೆದರು. ಸುದ್ದಿ ಪತ್ರಿಕೆಗೆ ಸೋರಿ ಸಂಸತ್ತಿನಲ್ಲಿ ಗದ್ದಲವಾಯಿತು. ಅಂಥ ಜನಪ್ರಿಯ ದಂಡನಾಯಕರೂ ತಮ್ಮ ಸಿಟ್ಟನ್ನು ಕಾಗದದಲ್ಲಿ ಬರೆದು ಪ್ರಧಾನಿಗೆ ಕೊಟ್ಟರೇ ಹೊರತು ಮೈದಾನದಲ್ಲಿ ನಿಂತು ಭಾಷಣ ಮಾಡಲಿಲ್ಲ.

ವಾಕ್ ಸ್ವಾತಂತ್ರ್ಯಕ್ಕೆ ಹೆಸರಾದ ಅಮೆರಿಕದಲ್ಲಾದರೂ ಫೌಜಿಗಳು ಬೇಕಾದ್ದು ಬರೆಯಬಹುದೇ? ಅಲ್ಲಿಯೂ ಇಲ್ಲ. ಅವರ ಸೈನಿಕ ಕಾನೂನಿನ 88ನೇ ಕಲಮಿನಂತೆ ಅಧ್ಯಕ್ಷ, ಉಪಾಧ್ಯಕ್ಷ, ಕಾಂಗ್ರೆಸ್ಸು, ರಕ್ಷಣಾ ಮಂತ್ರಿ ಮೊದಲಾದವರ ಬಗ್ಗೆ ತಿರಸ್ಕಾರದ ಮಾತಾಡುವುದು ಅಪರಾಧ. ಆದರೆ ಇದು ಅಧಿಕಾರಿಗಳಿಗೆ ಮಾತ್ರ. 1965ರಲ್ಲಿ ಹೆನ್ರಿ ಹೌ ಎಂಬ ಕಿರಿಯ ಲೆಫ್ಟಿನೆಂಟ್ ಡ್ಯೂಟಿ ಇಲ್ಲದ ಹೊತ್ತಿನಲ್ಲಿ, ಸಾದಾ ಬಟ್ಟೆಯಲ್ಲಿ, ಅಧ್ಯಕ್ಷ ಜಾನ್ಸನ್ ವಿರುದ್ಧದ ಫಲಕ ಹಿಡಿದು ವಿಯೆಟ್ನಾಂ ಯುದ್ಧ ವಿರೋಧಿ ಮೆರವಣಿಗೆಯಲ್ಲಿ ನಡೆದ. ನೌಕರಿಯೂ ಹೋಯಿತು, ಜೈಲೂ ಆಯಿತು. ಸಾಮಾನ್ಯ ಸಿಪಾಯಿಗಳಿಗೆ ಬೇರೆ ನಿಯಮಗಳಿವೆ. ಗ್ಯಾರಿ ಸ್ಟೈನ್ ಎಂಬ ಮರೀನ್ ಸಾರ್ಜೆಂಟ್ ಒಬಾಮಾ ಅವರ ಆಜ್ಞೆ ಪಾಲಿಸುವುದಿಲ್ಲ ಎಂದು ಫೇಸ್‌ಬುಕ್ಕಿನಲ್ಲಿ ಬರೆದ. ಕಾನೂನುಬಾಹಿರ ಆಜ್ಞೆ ಎಂಬ ಅರ್ಥದಲ್ಲಿ ಹೇಳಿದ್ದು ಎಂದು ಆಮೇಲೆ ತಿದ್ದಿಕೊಂಡರೂ 2012ರಲ್ಲಿ ಅವನನ್ನು ಹೊರಹಾಕಿದರು.

ಇನ್ನೊಂದು ಪ್ರಸಂಗ ಸ್ಟುವರ್ಟ್ ಶೆಲ್ಲರ್ ಅವರದು. 2021ರ ಆಗಸ್ಟಿನಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಬಾಂಬ್ ದಾಳಿಯಲ್ಲಿ 13 ಅಮೆರಿಕನ್ ಯೋಧರು ಸತ್ತ ದಿನವೇ ಈ ಲೆಫ್ಟಿನೆಂಟ್ ಕರ್ನಲ್ ಸಮವಸ್ತ್ರದಲ್ಲೇ ಕುಳಿತು ವಿಡಿಯೊ ಮಾಡಿ, ತಪ್ಪಿನ ಹೊಣೆಯನ್ನು ದೊಡ್ಡವರು ಯಾಕೆ ಹೊರುತ್ತಿಲ್ಲ ಎಂದು ಕೇಳಿದರು. ಮರುದಿನವೇ ಹುದ್ದೆಯಿಂದ ಇಳಿಸಿದರು. ಸುಮ್ಮನಿರದೆ ಮತ್ತೆ ಮತ್ತೆ ಬರೆದರು. ಅಕ್ಟೋಬರಿನಲ್ಲಿ ಕೋರ್ಟ್ ಮಾರ್ಷಲ್ ಆಗಿ, ಆರೋಪ ಒಪ್ಪಿಕೊಂಡು, 5,000 ಡಾಲರ್ ಪಗಾರ ಕಡಿತ ಮತ್ತು ಛೀಮಾರಿ ಪತ್ರದ ಶಿಕ್ಷೆ ಪಡೆದರು. ಸರಕಾರ ಬದಲಾದ ಮೇಲೆ, 2025ರಲ್ಲಿ, ಅದೇ ರಕ್ಷಣಾ ಇಲಾಖೆಯಲ್ಲಿ ಸಲಹೆಗಾರರಾಗಿ ಒಳಗೆ ಬಂದರು! ನನಗೆ ಹೆದರಿಕೆ ಹುಟ್ಟಿಸುವುದು ಇದು. ಇವತ್ತಿನ ಸರಕಾರಕ್ಕೆ ಅಪರಾಧವಾದ ಮಾತು ನಾಳಿನ ಸರಕಾರಕ್ಕೆ ಯೋಗ್ಯತೆಯಾದರೆ ಪ್ರತಿ ಅಧಿಕಾರಿಯೂ ಮಾತಾಡುವ ಮೊದಲು ಮುಂದಿನ ಚುನಾವಣೆಯ ಲೆಕ್ಕ ಹಾಕತೊಡಗುತ್ತಾನೆ.

(ಒಂದು ತಮಾಷೆ. ಅಮೆರಿಕದ ನಿಯಮದಲ್ಲಿ ಫೌಜಿ ತನ್ನ ಸ್ವಂತ ಕಾರಿನ ಮೇಲೆ ಅಭ್ಯರ್ಥಿಯ ಚಿಕ್ಕ ಸ್ಟಿಕರ್ ಅಂಟಿಸಬಹುದು, ದೊಡ್ಡ ಫಲಕ ಕಟ್ಟುವಂತಿಲ್ಲ. ಎಷ್ಟು ದೊಡ್ಡದಾದರೆ ಅದು ದೊಡ್ಡದು ಎಂದು ಅಳೆಯಲು ಒಬ್ಬ ಹವಾಲ್ದಾರನನ್ನು ನೇಮಿಸಬೇಕೇನೋ...)

ಈಗ ದಾಲಿನ ವಿಷಯಕ್ಕೆ ಬರೋಣ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಯೋಧ ತೇಜ್ ಬಹಾದೂರ್ ಯಾದವ್ ಜಮ್ಮು ಕಾಶ್ಮೀರದ ಗಡಿಯಿಂದ ಫೇಸ್‌ಬುಕ್ಕಿಗೆ ವಿಡಿಯೊ ಹಾಕಿದ್ದು ನಿಮಗೆ ನೆನಪಿರಬಹುದು. ಕರಕಲಾದ ರೊಟ್ಟಿ, ಅರಿಸಿನ ಉಪ್ಪು ಬಿಟ್ಟರೆ ಬೇರೇನಿಲ್ಲದ ನೀರು ದಾಲು. ಸರಕಾರ ಎಲ್ಲ ಕೊಡುತ್ತದೆ, ನಡುವೆ ಮೇಲಿನವರು ತಿಂದು ಹಾಕುತ್ತಾರೆ ಎಂಬುದು ಅವನ ದೂರು. ಗಮನಿಸಿ, ಅವನು ಯಾವ ನಾಯಕನನ್ನೂ ಬೈದಿರಲಿಲ್ಲ. ಪ್ರಧಾನಿಯವರು ಇದನ್ನು ತನಿಖೆ ಮಾಡಿಸಲಿ ಎಂದು ಕೇಳಿಕೊಂಡಿದ್ದ. ದೇಶವೆಲ್ಲ ನೋಡಿತು. ಗೃಹ ಸಚಿವರು ವರದಿ ಕೇಳಿದರು. ಆಪಾದನೆ ಸುಳ್ಳು, ಶಿಸ್ತಿಗೆ ಧಕ್ಕೆ ಎಂದು ಪಡೆ ಹೇಳಿತು. ಏಪ್ರಿಲಿನಲ್ಲಿ ಪಡೆಯ ನ್ಯಾಯಾಲಯ ಅವನನ್ನು ನೌಕರಿಯಿಂದ ವಜಾ ಮಾಡಿತು.

ಗಡಿ ಭದ್ರತಾ ಪಡೆ ಸೈನ್ಯವಲ್ಲ, ಗೃಹ ಇಲಾಖೆಯ ಕೆಳಗೆ ಬರುತ್ತದೆ. ಆದರೆ 1968ರ ಅವರ ಕಾಯ್ದೆಯಲ್ಲೂ ಇದೇ ಬಗೆಯ ಬಾಯಿಕಟ್ಟು ಇದೆ. ಆ ದಾಲು ನಿಜವಾಗಿ ನೀರಾಗಿತ್ತೋ ಇಲ್ಲವೋ ಎಂದು ತೀರ್ಪು ಕೊಡುವವನು ನಾನಲ್ಲ. ಶಾಲೆಯ ಮಧ್ಯಾಹ್ನದ ಊಟದ ದಾಲು ನೋಡುವ ಕೆಲಸ ಮಾಡಿದವನಾಗಿ ಒಂದು ಮಾತು ಮಾತ್ರ ಬಲ್ಲೆ. ಪಾತ್ರೆಯ ಹತ್ತಿರ ನಿಂತವನ ದೂರನ್ನು ಪಾತ್ರೆಗೆ ಸಂಬಂಧವಿಲ್ಲದವನು ಕೇಳಬೇಕು. ಅಡುಗೆ ಮಾಡಿಸಿದವನೇ ವಿಚಾರಣೆಗೆ ಕುಳಿತರೆ ದಾಲು ಯಾವಾಗಲೂ ಗಟ್ಟಿಯಾಗಿಯೇ ಇರುತ್ತದೆ.

ದಾರಿಗಳೇ ಇಲ್ಲ ಎನ್ನುವಂತಿಲ್ಲ. ಸೈನ್ಯ ಕಾಯ್ದೆಯ 26 ಮತ್ತು 27ನೇ ಕಲಮು ಸಿಪಾಯಿಗೂ ಅಧಿಕಾರಿಗೂ ಮೇಲಿನವರಿಗೆ ದೂರು ಕೊಡುವ ಹಕ್ಕು ಕೊಟ್ಟಿವೆ. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಆದರೆ ಅದು ಭೂ, ನೌಕಾ, ವಾಯು ಸೇನೆಗಳಿಗೆ. ಗಡಿ ಭದ್ರತಾ ಪಡೆಯವರಿಗೆ ಆ ಬಾಗಿಲು ಇಲ್ಲ, ಹೈಕೋರ್ಟಿಗೇ ಹೋಗಬೇಕು. 2017ರ ಆ ವಿಡಿಯೊ ಬೆನ್ನಿಗೆ ಇನ್ನೂ ಕೆಲವು ಬಂದಾಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ದೂರು ಪೆಟ್ಟಿಗೆಗಳನ್ನು ಇಡಿಸುವುದಾಗಿ ಹೇಳಿದರು, ಅದೇ ತಿಂಗಳ ಸೇನಾ ದಿನದಂದು ಸಾಮಾಜಿಕ ಜಾಲತಾಣಕ್ಕೆ ಹೋದವರಿಗೆ ಶಿಕ್ಷೆಯಾದೀತು ಎಂದೂ ಎಚ್ಚರಿಸಿದರು. ಮೂರು ವರ್ಷದ ಬಳಿಕ, 2020ರ ಜುಲೈನಲ್ಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಿರಿ ಎಂದು ಸೈನ್ಯ ಆದೇಶಿಸಿತು. ಗುಟ್ಟು ಸೋರುತ್ತದೆ ಎಂಬುದು ಕಾರಣ. ಅದನ್ನು ಪ್ರಶ್ನಿಸಿದ ಒಬ್ಬ ಅಧಿಕಾರಿಯ ಅರ್ಜಿಯನ್ನು ದೆಹಲಿ ಹೈಕೋರ್ಟ್ ಆಗಸ್ಟಿನಲ್ಲಿ ತಳ್ಳಿಹಾಕಿತು.

ವಜಾ ಆದ ಮೇಲೆ ತೇಜ್ ಬಹಾದೂರ್ ಸಾಮಾನ್ಯ ನಾಗರಿಕ. 2019ರಲ್ಲಿ ವಾರಾಣಸಿಯಲ್ಲಿ ಪ್ರಧಾನಿಯವರ ಎದುರೇ ಸಮಾಜವಾದಿ ಪಕ್ಷದಿಂದ ನಾಮಪತ್ರ ಹಾಕಿದ. ಭ್ರಷ್ಟಾಚಾರಕ್ಕಾಗಲಿ ರಾಜ್ಯನಿಷ್ಠೆಯ ಕೊರತೆಗಾಗಲಿ ವಜಾ ಆದವರು ಐದು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ನಾನು ಅಂಥವನಲ್ಲ ಎಂಬ ಪ್ರಮಾಣಪತ್ರವನ್ನು ಚುನಾವಣಾ ಆಯೋಗದಿಂದ ತಂದಿಲ್ಲವೆಂದು ನಾಮಪತ್ರ ತಿರಸ್ಕೃತವಾಯಿತು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅವನ ಅರ್ಜಿ ವಜಾ ಮಾಡಿತು. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೂ ದಾಲಿನಿಂದ ಶುರುವಾದ ಮಾತು ಅಲ್ಲಿಯ ತನಕ ಹೋಗಬೇಕಾಗಿರಲಿಲ್ಲ. ಅವನು ಹೇಳಿದ್ದನ್ನು ಹೊರಗಿನವರು ಯಾರಾದರೂ ಒಂದು ತಿಂಗಳೊಳಗೆ ಬಂದು ನೋಡಿ, ಹೌದೋ ಅಲ್ಲವೋ ಎಂದು ಬರೆದು ಕೊಟ್ಟಿದ್ದರೆ ವಿಡಿಯೊಗೆ ಬೆಲೆಯೇ ಇರುತ್ತಿರಲಿಲ್ಲ. ನಿಯಮದ ಆ ಚೀಲ ಬಿಚ್ಚಿ ನಾಯಕರನ್ನು ಬೈಯುವುದನ್ನು ಒಂದು ಕಡೆ, ಅನ್ನ ಬಟ್ಟೆ ಸುಟಿಯ ದೂರನ್ನು ಇನ್ನೊಂದು ಕಡೆ ಇಡಬೇಕು ಎನ್ನುವುದು ಇದಕ್ಕೇ.

ನಾನೂ ಸರಕಾರದ ಪಗಾರ ತಿನ್ನುವವನೇ, ನನಗೂ ವರ್ತಣೂಕ ನಿಯಮಗಳಿವೆ. ಯಾರಿಗೂ ಮತ ಕೇಳುವಂತಿಲ್ಲ. ಆದರೂ ಗೋಡೆ ಬಿರುಕು ಬಿಟ್ಟರೆ ನಾಲ್ಕು ಜನ ಪಾಲಕರು ಬಂದು ನನಗಾಗಿ ಕೂಗುತ್ತಾರೆ. ಹಿಮದ ಚೌಕಿಗೆ ಯಾವ ಪಾಲಕರು ಹೋಗುತ್ತಾರೆ?

ಫೌಜಿಗಳ ಮನೆಯವರಿಗೆ ಒಂದು ಮಾತು. ಈ ಕಾಯ್ದೆ ಮಗನಿಗೆ ಅನ್ವಯಿಸುತ್ತದೆ, ನಿಮಗಲ್ಲ. ನೀವು ನಾಗರಿಕರು, ನಾಯಕರನ್ನು ಟೀಕಿಸಿ ಧಾರಾಳವಾಗಿ ಬರೆಯಿರಿ. ಆದರೆ ಅದರ ಜೊತೆ ಅವನ ಸಮವಸ್ತ್ರದ ಫೋಟೊ ಹಚ್ಚಬೇಡಿ, ಅವನು ಹೇಳಿದ ಠಾಣ್ಯದ ಹೆಸರು ಹಾಕಬೇಡಿ, ಊರ ವಾಟ್ಸಾಪ್ ಗುಂಪಿನ ಪಕ್ಷದ ಮೆಸೇಜನ್ನು ಅವನಿಗೆ ಕಳಿಸಿ "ನಿನ್ನ ದೋಸ್ತರಿಗೂ ಕಳಸು" ಎನ್ನಬೇಡಿ. ಮುಂದೆ ದಾಟಿಸಿದವನು ಅವನೇ ಆಗುತ್ತಾನೆ.

ನಾಯಕರೂ ಅವನನ್ನು ಬಳಸಿಕೊಳ್ಳಬಾರದಲ್ಲ? ಪ್ರಚಾರದಲ್ಲಿ ರಕ್ಷಣಾ ಸಿಬ್ಬಂದಿಯ ಫೋಟೊ ಹಾಕಬೇಡಿ ಎಂದು ಚುನಾವಣಾ ಆಯೋಗ 2013ರ ಡಿಸೆಂಬರಿನಲ್ಲೇ ಪಕ್ಷಗಳಿಗೆ ಹೇಳಿತ್ತು. ಬಾಲಾಕೋಟ್ ದಾಳಿಯಾಗಿ ಎರಡು ವಾರ ಕಳೆಯುವುದರೊಳಗೆ, 2019ರ ಮಾರ್ಚ್ 9ರಂದು, ಮತ್ತೆ ಹೇಳಬೇಕಾಯಿತು. ಫ್ಲೆಕ್ಸಿನಲ್ಲಿ ನಾಯಕರ ಪಕ್ಕ ನಿಂತ ಫೌಜಿಯನ್ನು ಯಾರೂ ಕೇಳಿರುವುದಿಲ್ಲ. ಕೇಳಿದರೂ ಅವನು ಹೂಂ ಅನ್ನುವಂತಿಲ್ಲ, ಬೇಡ ಎಂದು ಪೇಪರಿಗೆ ಬರೆಯುವಂತೆಯೂ ಇಲ್ಲ. ಚುನಾವಣೆ ಘೋಷಣೆಯಾದ ಮೇಲೆ ಅಂಥದ್ದು ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ದೂರು ಹಾಕಬಹುದು. ಅದನ್ನು ಅವನ ಪರವಾಗಿ ನಾವೇ ಮಾಡಬೇಕು.